ಜೇಡನ ಕಾಲು, ದೊಡ್ಡಪ್ಪನ ಕೈ

ಬ್ಯಾಡಗಿಯ ನಮ್ಮ ಮನೆಗೆ ಬಂದವರೆಲ್ಲ ಮೊದಲು ಹೊಗಳುತ್ತಿದ್ದದ್ದು ಪಡಸಾಲೆಯ ತೂಗುಮಂಚವನ್ನು. ಸಾಗವಾನಿಯ ಅಗಲವಾದ ಹಲಗೆ, ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಸರಳು. ಸರಳಿನ ತುದಿಯ ಕೊಕ್ಕೆಗಳು ಮೇಲಿನ ತೊಲೆಗೆ ಬಡಿದ ಬಳೆಗಳಲ್ಲಿ ಸಿಕ್ಕಿಕೊಂಡಿದ್ದವು. ಆ ತೊಲೆಯ ಮೇಲೆಯೇ ಮಹಡಿಯ ನೆಲ. ನೆಲವೆಂದರೆ ಬರೀ ಮರದ ಹಲಗೆ. ಅದರ ಮೇಲೆ ಗಾರೆಯಿಲ್ಲ, ಹಾಸುಗಲ್ಲಿಲ್ಲ. ಮಹಡಿಯಲ್ಲಿ ಯಾರಾದರೂ ಕಾಲಿಟ್ಟರೆ ಅದರ ನಡುಕ ಹಲಗೆಯಿಂದ ತೊಲೆಗೆ, ತೊಲೆಯಿಂದ ಸರಳಿಗೆ, ಸರಳಿನಿಂದ ಅದನ್ನು ಹಿಡಿದು ಕುಳಿತ ದೊಡ್ಡಪ್ಪನ ಅಂಗೈಗೆ ಇಳಿಯುತ್ತಿತ್ತು. ದೊಡ್ಡಪ್ಪ ನನ್ನ ಅಪ್ಪನ ಅಣ್ಣ, ಮೆಣಸಿನಕಾಯಿ ದಲಾಲಿ, ಹೆಂಡತಿ ತೀರಿಕೊಂಡವನು, ಮನೆಯ ಯಜಮಾನ. ಎದುರಿಗೆ ಅವನನ್ನು ಬಹುವಚನದಲ್ಲಿಯೇ ಮಾತಾಡಿಸಿದ್ದೇನೆ. ಇಲ್ಲಿ ಮಾತಾಡಿಸಲಾರೆ. ಅವನು ಸದಾ ಬೀದಿಗೆ ಮುಖ ಮಾಡಿ ಕೂರುತ್ತಿದ್ದ; ಮನೆ ಅವನ ಬೆನ್ನ ಹಿಂದಿರುತ್ತಿತ್ತು. ತಿರುಗಿ ನೋಡುವ ಅಗತ್ಯವೇ ಅವನಿಗೆ ಬೀಳುತ್ತಿರಲಿಲ್ಲ.

ಸುಗ್ಗಿಯ ದಿನಗಳಲ್ಲಿ ಊರೆಲ್ಲ ಕೆಂಪಾಗಿ, ಮೂಗುಗಳೆಲ್ಲ ಸೋರುತ್ತಿದ್ದಾಗ, ಹೊರಊರಿನ ವ್ಯಾಪಾರಿಗಳು ಬಂದು ಆ ತೂಗುಮಂಚದ ಮೇಲೆ ಕೂರುತ್ತಿದ್ದರು. ಚಹಾ ಬರುವವರೆಗೆ ದೊಡ್ಡಪ್ಪ ಅವರಿಗೆ ತನ್ನ ಆಟ ತೋರಿಸುತ್ತಿದ್ದ. ಕಣ್ಣು ಮುಚ್ಚಿ, ಬಲಗೈಯಲ್ಲಿ ಸರಳು ಹಿಡಿದು ಶುರು ಮಾಡುತ್ತಿದ್ದ.

“ಈಗ ಎದ್ಲು ನೋಡ್ರಿ ನಮ್ಮ ತಂಗಿ. ಹೊಲಿಗಿ ಮಿಶನ್ ಬಿಟ್ಟು ಎದ್ಲು. ಈಗ ಕಿಟಕಿ ಕಡೆ ಹೊಂಟಾಳ. ಹಾಂ, ನಿಂತ್ಲು.”

“ಅಲೆಲೆ! ಸಾಹುಕಾರ್ರ ಕೈಗೂ ಕಣ್ಣದಾವ ಬಿಡ್ರಿ!”

“ಶಾರದಾ! ಕಿಟಕ್ಯಾಗ ಏನೈತವಾ? ಬಂಗಾರ ಸುರೀತೈತೇನು?”

ಮೇಲಿನ ಹೆಜ್ಜೆಗಳು ಲಗುಬಗೆಯಿಂದ ಹಿಂದಿರುಗುತ್ತಿದ್ದವು. ವ್ಯಾಪಾರಿಗಳು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಒಬ್ಬನಾದರೂ, ಹೆಣ್ಣುಮಗಳೊಬ್ಬಳು ಕಿಟಕಿಗೆ ಹೋದರೆ ನಿಮಗೇನು ಕಷ್ಟ ಎಂದು ಕೇಳಲಿಲ್ಲ. ಈ ಮನುಷ್ಯ ಬಹಳ ಸೂಕ್ಷ್ಮ ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದರು. ಯಾರನ್ನಾದರೂ ಹಾಗೆ ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಶಾರದಾ ಅತ್ತಿ ಅಪ್ಪನ ತಂಗಿ. ಅವಳನ್ನು ಮೇಡ್ಲೇರಿಯ ನೀರಾವರಿ ಹೊಲದ ಮನೆಗೆ ಕೊಟ್ಟಿದ್ದರು. ಆ ಸಂಬಂಧ ತಂದವನು ದೊಡ್ಡಪ್ಪ. ಗಂಡ ಕೊಡಲಿಯ ಕಾವಿನಿಂದ ಅವಳ ಎಡಗಾಲಿನ ಹರಡು ಒಡೆದ. ಅದನ್ನು ರಾಣೆಬೆನ್ನೂರಿಗೆ ಒಯ್ದು ಕಟ್ಟಿಸುವ ಹೊತ್ತಿಗೆ ತಡವಾಗಿತ್ತು; ಎಲುಬು ಓರೆಯಾಗಿ ಕೂಡಿತು. ಅತ್ತಿ ಒಂದು ಮುಂಜಾನೆ ಮೇಡ್ಲೇರಿಯಿಂದ ಬಸ್ಸು ಹತ್ತಿ, ಎಡಗಾಲು ಎಳೆಯುತ್ತ ನಮ್ಮ ಮನೆಯ ಹೊಸ್ತಿಲು ದಾಟಿ ಬಂದಳು. ದೊಡ್ಡಪ್ಪ ಅವಳ ಕಾಲು ನೋಡಲಿಲ್ಲ; ಬೀದಿಯಲ್ಲಿ ಯಾರು ನೋಡಿದರು ಎಂದು ನೋಡಿದ. ಅಂದಿನಿಂದ ಅವಳು ಮಹಡಿಯ ಮೇಲಿದ್ದಳು. ಊಟದ ತಾಟು ಮೇಲೆ ಹೋಗುತ್ತಿತ್ತು, ತೊಳೆಯಲು ಕೆಳಗೆ ಬರುತ್ತಿತ್ತು. ನಸುಕಿನಲ್ಲಿ ಹಿತ್ತಲಿಗೆ ಹೋಗಿ ಬಂದರೆ ಮುಗಿಯಿತು, ಮತ್ತೆ ಇಳಿಯುವಂತಿಲ್ಲ. ಹಗಲು ಮಲಗುವಂತೆಯೂ ಇರಲಿಲ್ಲ. ಮೇಲೆ ಬಹಳ ಹೊತ್ತು ಸಪ್ಪಳವಿಲ್ಲದಿದ್ದರೆ ದೊಡ್ಡಪ್ಪ ಸರಳಿಗೆ ಅಂಗೈಯಿಂದ ಒಂದು ಏಟು ಕೊಡುತ್ತಿದ್ದ. ಕೊಕ್ಕೆ ಠಣ್ ಎನ್ನುತ್ತಿತ್ತು. ಆಗ ಅತ್ತಿ ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಬೇಕು. ಬಾಯಿಂದ ಉತ್ತರ ಕೊಟ್ಟರೆ ಸಾಲದು. ಬಾಯಿ ಸುಳ್ಳು ಹೇಳುತ್ತದೆ, ಕಾಲು ಹೇಳುವುದಿಲ್ಲ ಎಂಬುದು ಅವನ ಸಿದ್ಧಾಂತ.

ಇದೆಲ್ಲದರ ನಡುವೆ ಅವ್ವ ನನಗೆ ಕಲಿಸಿದ ಒಂದೇ ವಿದ್ಯೆ, ಸುಮ್ಮನಿರುವುದು. ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು, ತಲೆ ಬಾಚುತ್ತ ಹೇಳುತ್ತಿದ್ದಳು.

“ಸುಮ್ಮನಿರಬೇ. ಸುಮ್ಮನಿದ್ದವರ ತಂಟೆಗೆ ಯಾರೂ ಬರಂಗಿಲ್ಲ.”

“ಅತ್ತಿ ಸುಮ್ಮನ ಇದ್ಲಲ್ಲ? ಕಾಲು ಮುರದ್ರಲ್ಲ?”

“ನಾಲಿಗಿ ಬಾಳ ಉದ್ದಾಗೈತಿ ನಿಂದು. ಹಿಟ್ಟು ತಾ.”

ನಾನಾಗ ಏಳನೆಯ ಇಯತ್ತೆ ಓದುತ್ತಿದ್ದೆ. ದಿನಚರಿ ಬರೆಯುವ ಚಟ ಅಂಟಿತ್ತು. ಪ್ರತಿ ಪುಟದ ಮೇಲೆ ತಾರೀಖು, ಕೆಳಗೆ ಆ ದಿನ ಕಂಡದ್ದು, ಗೀಟು ಹಾಕಿ ಎಣಿಕೆ; ತಲೆಯ ಮೇಲೆ ಕೇಳುವ ಅತ್ತಿಯ ಹೆಜ್ಜೆಗಳನ್ನೂ ಹಾಗೇ ಎಣಿಸುತ್ತಿದ್ದೆ. ಆ ತಾರೀಖುಗಳನ್ನು ಇಲ್ಲಿ ಬಿಡುತ್ತೇನೆ. ಅವು ಯಾರಿಗೂ ಬೇಕಿಲ್ಲ. ಆ ವರ್ಷ ನಾನು ಬರೆದದ್ದು ಹೆಚ್ಚಾಗಿ ಹಿತ್ತಲಿನ ಒಂದು ಜೇಡನ ಬಗ್ಗೆ. ದಾಸವಾಳದ ಗಿಡಕ್ಕೂ ನೀರಿನ ತೊಟ್ಟಿಯ ಗೋಡೆಗೂ ನಡುವೆ ಅದು ಬಲೆ ಕಟ್ಟಿತ್ತು. ಹೊಟ್ಟೆಯ ಮೇಲೆ ಹಳದಿ ಪಟ್ಟೆ. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಗುರುತಿನಂತೆ ಬಲೆಯ ನಟ್ಟನಡುವೆ ತಲೆಕೆಳಗಾಗಿ ಕೂರುತ್ತಿತ್ತು. ಅದರ ಮುಂದೆ ಕೈ ಆಡಿಸಿದೆ; ಕದಲಲಿಲ್ಲ. ಬಲೆಗೆ ಬಾಯಿಂದ ಗಾಳಿ ಊದಿದೆ. ಬಲೆಯೆಲ್ಲ ತೊನೆದರೂ ಅದು ತನ್ನಷ್ಟಕ್ಕೆ ಕುಳಿತಿತ್ತು. ಒಂದು ನೊಣ ಬಿದ್ದು ಗುಂಯ್‌ಗುಟ್ಟಿದ ಕೂಡಲೇ ಮಾತ್ರ, ಯಾರೋ ಹೆಸರು ಹಿಡಿದು ಕರೆದಂತೆ ನೇರ ಅದರ ಬಳಿಗೆ ಓಡಿತು. ಅದಕ್ಕೆ ಕಣ್ಣಿದ್ದೂ ನೋಟ ಅಷ್ಟಕ್ಕಷ್ಟೆ. ನೋಡುವುದೆಲ್ಲ ಕಾಲಿನಿಂದ. ಕಾಲಿನ ಗಂಟುಗಳ ಬಳಿ ಕೂದಲೆಳೆಗಿಂತ ಸಣ್ಣ ಸೀಳುಗಳಿರುತ್ತವೆ, ಎಳೆ ನಡುಗಿದರೆ ಆ ಸೀಳುಗಳು ಅದುಮಿಕೊಂಡು ಸುದ್ದಿ ಮುಟ್ಟಿಸುತ್ತವೆ ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೆ: ಗಾಳಿಯ ನಡುಕ ಬೇರೆ, ಎಲೆ ಬಿದ್ದ ನಡುಕ ಬೇರೆ, ಜೀವ ಒದ್ದಾಡುವ ನಡುಕ ಬೇರೆ, ಮತ್ತು ಅದಕ್ಕೆ ಈ ಮೂರೂ ಗೊತ್ತು.

ಖಾತ್ರಿ ಮಾಡಿಕೊಳ್ಳಲು ದೇವರ ಮನೆಯ ಗಂಟೆಯನ್ನು ಕದ್ದು ಹಿತ್ತಲಿಗೆ ಒಯ್ದೆ. ಗಂಟೆಗೆ ಕಡ್ಡಿಯಿಂದ ಬಡಿದು, ಅದಿನ್ನೂ ಗುಂಯ್ ಎನ್ನುತ್ತಿರುವಾಗಲೇ ಅಂಚನ್ನು ಒಂದು ಎಳೆಗೆ ತಾಕಿಸಿದೆ. ಜೇಡ ಓಡಿ ಬಂದು ಹಿತ್ತಾಳೆಯನ್ನೇ ಅಪ್ಪಿಕೊಂಡು ಕಚ್ಚಿತು. ಅವ್ವ ಸಿಕ್ಕ ಸಿಕ್ಕಲ್ಲಿ ಹೊಡೆದಳು.

“ದೇವರ ಗಂಟಿ ಹುಳದ ಬಾಯಾಗ ಇಡ್ತಿ? ಭಾವಾರು ನೋಡಿದ್ರ ನನ್ನ ಚರ್ಮ ಸುಲೀತಾರ!”

ಒಂದು ದಿನ ಸತ್ತ ಮಿಡತೆಯನ್ನು ಬಲೆಗೆ ಮೆಲ್ಲಗೆ ಇಟ್ಟೆ. ಸತ್ತದ್ದು ಕದಲುವುದಿಲ್ಲ, ಹಾಗಾಗಿ ಜೇಡನಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಆದರೆ ಬಲೆಯ ಭಾರ ಎಲ್ಲೋ ಹೆಚ್ಚಾದದ್ದು ಅದಕ್ಕೆ ತಿಳಿಯಿತು. ನಡುವೆ ಕುಳಿತೇ ಅದು ಸುತ್ತ ತಿರುಗುತ್ತ ಒಂದೊಂದೇ ಎಳೆಯನ್ನು ಮುಂಗಾಲಿನಿಂದ ಜಗ್ಗಿತು. ಜಗ್ಗುವುದು, ತಡೆಯುವುದು, ಮುಂದಿನದನ್ನು ಜಗ್ಗುವುದು. ಮಿಡತೆ ಇದ್ದ ಎಳೆಗೆ ಬಂದಾಗ ನಿಂತಿತು. ನೆಟ್ಟಗೆ ಹೋಗಿ ಸುತ್ತಿ ಕಟ್ಟಿತು. ಇದು ನಮ್ಮ ಪಡಸಾಲೆ. ಸರಳಿಗೆ ಏಟು ಕೊಟ್ಟು ತಡೆದು ಕೇಳುವುದು ಇದೇ. ಅಂದು ನಾನು ಬರೆದೆ: ಸುಮ್ಮನಿದ್ದವರನ್ನೂ ಅದು ಹುಡುಕುತ್ತದೆ. ಬರೆದು, ಅವ್ವನ ಮೇಲೆ ಬಂದ ಸಿಟ್ಟಿಗೆ ಪೆನ್ಸಿಲ್ಲು ಮುರಿದೆ. ಜೇಡನ ಮೇಲೆ ಸಿಟ್ಟು ಬರಲಿಲ್ಲ. ಅದಕ್ಕೆ ಹಸಿವಿತ್ತು, ತಿನ್ನುತ್ತಿತ್ತು. ದೊಡ್ಡಪ್ಪನಿಗೆ ಎರಡು ಹೊತ್ತೂ ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಸಿಗುತ್ತಿತ್ತು. ಅವನಿಗೆ ಯಾವ ಹಸಿವು?

ಆ ಬಲೆಯಲ್ಲಿ ಇನ್ನೂ ಕೆಲವರು ಬದುಕುತ್ತಿದ್ದರು. ಸಾಸಿವೆಗಿಂತ ತುಸು ದೊಡ್ಡ, ಬೆಳ್ಳಿಯಂತೆ ಮಿನುಗುವ ಪುಟ್ಟ ಜೇಡಗಳು. ದೊಡ್ಡದು ಕಟ್ಟಿಟ್ಟ ಬೇಟೆಯಲ್ಲಿ ಕದ್ದು ತಿನ್ನುವ ಕಳ್ಳರು. ಇವು ಸಿಕ್ಕಿಬೀಳುವುದಿಲ್ಲ ಹೇಗೆ ಎಂದು ಅನೇಕ ಮಧ್ಯಾಹ್ನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ನೋಡಿದೆ. ಗಾಳಿ ಬೀಸಿ ಬಲೆಯೆಲ್ಲ ಅಲುಗುವಾಗ ಅವು ನಡೆಯುತ್ತಿದ್ದವು. ಗಾಳಿ ನಿಂತರೆ ನಿಂತಲ್ಲೇ ನಿಲ್ಲುತ್ತಿದ್ದವು. ದೊಡ್ಡದು ಬೇಟೆ ಸುತ್ತುವುದರಲ್ಲಿ ಮುಳುಗಿದ್ದಾಗ ಮತ್ತೆ ನಡೆಯುತ್ತಿದ್ದವು. ದೊಡ್ಡ ನಡುಕದೊಳಗೆ ತಮ್ಮ ಸಣ್ಣ ನಡುಕವನ್ನು ಬಚ್ಚಿಡುತ್ತಿದ್ದವು.

ಇದನ್ನು ಅತ್ತಿಗೆ ಹೇಳಿದ್ದು, ಅವಳ ವಿಷಯ ತೀರ್ಮಾನವಾದ ಮರುದಿನ. ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ದೊಡ್ಡಪ್ಪ ತಾಟಿನಿಂದ ತಲೆಯೆತ್ತದೆ ಹೇಳಿದ್ದ.

“ಶುಕ್ರವಾರ ಮೇಡ್ಲೇರಿಯವರು ಬರ್ತಾರ. ಶಾರದಾಗ ಹೊಸಾ ಸೀರಿ ಉಡಿಸಿ ಕಳಸಬೇಕು.”

“ಕಾಲಿನ ಬಾವು ಇನ್ನೂ ಇಳದಿಲ್ರಿ, ಭಾವಾರ,” ಎಂದಳು ಅವ್ವ, ಬಾಗಿಲ ಹಿಂದಿನಿಂದ.

“ಗಂಡನ ಮನ್ಯಾಗೂ ಇಳೀತೈತಿ.”

ಅಪ್ಪ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡ. ತಂಗಿಯ ಕಾಲು ಮುರಿದವನ ಮನೆಗೆ ತಂಗಿಯನ್ನು ಮರಳಿ ಕಳಿಸುವ ಮಾತು ಕೇಳಿ ಅವನು ಮಾಡಿದ್ದು ಅಷ್ಟೇ. ಉಪ್ಪು ಕೇಳಿ ಹಾಕಿಸಿಕೊಂಡ.

ಅತ್ತಿಗೆ ಒಂದು ದಾರಿಯಿತ್ತು. ಅವಳ ಶಾಲೆಯ ಗೆಳತಿ ನೀಲವ್ವ ಹಾವೇರಿಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಒಮ್ಮೆ ಜಂಪರಿನ ಅಳತೆಯ ನೆಪದಲ್ಲಿ ಬಂದು, ನನ್ನ ಕೋಣೆ ಇದೆ, ಮಿಶನ್ ಇದೆ, ಬಂದುಬಿಡು ಎಂದು ಹೇಳಿ ಹೋಗಿದ್ದಳು. ಹುಬ್ಬಳ್ಳಿ ಕಡೆಯ ಮಧ್ಯಾಹ್ನದ ಗಾಡಿ ಹಿಡಿದರೆ ಸಾಕಿತ್ತು. ಆದರೆ ಮಹಡಿಯ ಹಲಗೆ ದಾಟಿ ಇಳಿಯಬೇಕಲ್ಲ?

“ಗುರುವಾರ ಖಾರ ಕುಟ್ಟಾಕ ಬರ್ತಾರತ್ತಿ,” ಎಂದೆ. “ಒನಕಿ ಬೀಳುವಾಗ ಹೆಜ್ಜಿ ಇಡು. ಒನಕಿ ನಿಂತ್ರ ನೀನೂ ನಿಂದ್ರು. ಮೆಟ್ಟಲಿಗೆ ಬಂದ್ರ ಮುಗೀತು, ಮೆಟ್ಟಲಾ ಕಲ್ಲಿನವು, ನಡುಗಂಗಿಲ್ಲ.”

“ಯಾರು ಹೇಳಿದ್ರು ನಿನಗ ಇದನ್ನ?”

“ಜ್ಯಾಡರ ಹುಳಾ.”

ಅತ್ತಿ ಬಂದಾಗಿನಿಂದ ಮೊದಲ ಸಲ ನಕ್ಕಳು. “ನಮ್ಮಣ್ಣಗಿಂತ ಆ ಹುಳಾ ಚಲೋ ಅದಾವ ಬಿಡು,” ಎಂದಳು. ಅವ್ವನಿಗೆ ಹೇಳುವುದು ಬೇಡ ಎಂದು ನಾನೇ ಹೇಳಿದೆ. ಅವ್ವ ಹೆದರಿ ಬಾಯಿ ಬಿಡುತ್ತಾಳೆ ಎಂಬುದು ನನ್ನ ಲೆಕ್ಕ.

ಗುರುವಾರ ಗೌರವ್ವ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ಒಳಕಲ್ಲು ಪಡಸಾಲೆಯ ಹಿಂದಿನ ಮೂಲೆಯಲ್ಲಿ, ಮಹಡಿಯ ಮೆಟ್ಟಿಲ ಬುಡದಲ್ಲಿತ್ತು. ಮೂವರೂ ಮೂಗಿಗೆ ಸೆರಗು ಕಟ್ಟಿ ಒಬ್ಬರಾದ ಮೇಲೊಬ್ಬರು ಒನಕೆ ಇಳಿಸತೊಡಗಿದರು. ಮನೆಯ ಕಂಬ, ಗೂಡಿನಲ್ಲಿಟ್ಟ ಚಿಮಣಿ ದೀಪ, ಗಡಿಗೆಯ ಮೇಲಿನ ಮುಚ್ಚಳ ಎಲ್ಲ ನಡುಗಿದವು. ಕೆಂಪು ಘಾಟು ತೊಲೆಯವರೆಗೆ ಎದ್ದಿತು. ಬೇರೆ ಯಜಮಾನರಾಗಿದ್ದರೆ ಎದ್ದು ಅಂಗಡಿಗೆ ಹೋಗುತ್ತಿದ್ದರು. ದೊಡ್ಡಪ್ಪ ಹೋಗಲಿಲ್ಲ. ಹೆಂಗಸರು ಖಾರ ಕದಿಯುತ್ತಾರೆಂದು, ಮೂಗಿಗೆ ಟಾವೆಲ್ಲು ಸುತ್ತಿಕೊಂಡು, ಬೀದಿ ನೋಡುತ್ತ, ಸರಳು ಹಿಡಿದೇ ಕುಳಿತ. ಅವ್ವ ಬುಟ್ಟಿ ಹಿಡಿದು ಮಹಡಿಗೆ ಹೋದಳು; ಮಹಡಿಯ ಆಚೆಯ ಬಯಲು ಮಾಳಿಗೆಯಲ್ಲಿ ಬಿಸಿಲಿಗೆ ಹಾಕಿದ ಕಾಯಿಗಳನ್ನು ತರಬೇಕಿತ್ತು. ನಾನು ಒಳಕಲ್ಲಿನ ಬಳಿ ಜರಡಿ ಹಿಡಿದು ಕುಳಿತಿದ್ದೆ.

ಒನಕೆಯ ಸಪ್ಪಳದಲ್ಲಿ ಅತ್ತಿಯ ಹೆಜ್ಜೆ ನನಗೂ ಕೇಳಲಿಲ್ಲ. ಅವಳು ಒಂದು ಗಂಟು ಕಂಕುಳಲ್ಲಿಟ್ಟುಕೊಂಡು ಮೇಲಿನ ಮೆಟ್ಟಿಲಿಗೆ ಬಂದದ್ದು ಕಂಡಿತು. ಎರಡು ಮೆಟ್ಟಿಲು ಇಳಿದಳು. ಅಷ್ಟರಲ್ಲಿ ಗೌರವ್ವನಿಗೆ ಸೀನು ಬಂತು. ಅವಳ ಹಿಂದೆ ಇನ್ನಿಬ್ಬರಿಗೂ. ಒನಕೆಗಳು ನಿಂತವು. ಅತ್ತಿ ಗೋಡೆಗೆ ಆತು ನಿಂತಳು. ಮನೆ ಒಮ್ಮೆಲೇ ಸ್ತಬ್ಧವಾಯಿತು. ದೊಡ್ಡಪ್ಪ ಕುತ್ತಿಗೆ ತುಸು ಓರೆ ಮಾಡಿ ತಡೆದ. ಆಮೇಲೆ ಸರಳಿಗೆ ಅಂಗೈಯಿಂದ ಬಡಿದ. ಠಣ್.

“ಶಾರದಾ?”

ನಾನು ಇದನ್ನು ಮರೆತಿದ್ದೆ. ಗಾಳಿ, ಒನಕೆ ಎಲ್ಲ ಲೆಕ್ಕ ಹಾಕಿದವಳು, ಎಳೆ ಜಗ್ಗಿ ಕೇಳುವುದನ್ನು ಮರೆತಿದ್ದೆ. ಅತ್ತಿ ಮತ್ತೆ ಮೇಲೆ ಹತ್ತಿದರೆ ಗಾಡಿ ತಪ್ಪುತ್ತದೆ. ಹತ್ತದಿದ್ದರೆ ಮಹಡಿಯಲ್ಲಿ ಅವಳಿಲ್ಲವೆಂದು ತಿಳಿಯುತ್ತದೆ. ದೊಡ್ಡಪ್ಪ ಕಾಲು ನೆಲಕ್ಕೂರಿ ತೂಗುಮಂಚ ನಿಲ್ಲಿಸಿದ. ಎದ್ದೇಳುವವನಿದ್ದ.

ಆಗ ನಮ್ಮ ತಲೆಯ ಮೇಲೆ ಹೆಜ್ಜೆ ಕೇಳಿಸಿತು. ಬಲಗಾಲು ಗಟ್ಟಿಯಾಗಿ ಊರುವುದು, ಎಡಗಾಲು ಹಲಗೆಯ ಮೇಲೆ ಎಳೆದುಕೊಂಡು ಬರುವುದು. ಧಪ್, ಸರ್ರ್. ಧಪ್, ಸರ್ರ್. ಕಿಟಕಿಯಿಂದ ಹೊಲಿಗೆ ಮಿಶನ್ನಿನವರೆಗೆ. ಅತ್ತಿ ನನ್ನೆದುರು ಮೆಟ್ಟಿಲ ಮೇಲೆ ನಿಂತಿದ್ದಾಳೆ, ಅತ್ತಿ ಮೇಲೆ ನಡೆಯುತ್ತಿದ್ದಾಳೆ. ಮಹಡಿಯಲ್ಲಿದ್ದ ಇನ್ನೊಬ್ಬಳು ಅವ್ವ ಮಾತ್ರ. ದೊಡ್ಡಪ್ಪ ಮತ್ತೆ ಹಿಂದಕ್ಕೊರಗಿದ.

“ಯಾಕ ನಿಂತ್ರಿ? ಕುಟ್ಟರಿ,” ಎಂದ.

ಗೌರವ್ವ ಮೆಟ್ಟಿಲ ಮೇಲಿನ ಅತ್ತಿಯನ್ನು ನೋಡಿದಳು, ಅವಳ ಕಂಕುಳಿನ ಗಂಟು ನೋಡಿದಳು, ಮೇಲೆ ತೊಲೆಯನ್ನು ನೋಡಿದಳು. ಆಮೇಲೆ ಜೊತೆಗಾರ್ತಿಯರಿಗೆ ಗದರಿದಳು.

“ಜೋರ್ ಬಡೀರೆಬೇ! ಖಾರ ಕುಟ್ಟಾಕ ಬಂದೀರೇನ ಜೋಗುಳ ಹಾಡಾಕ ಬಂದೀರಿ?”

ಅಂಥ ಪೆಟ್ಟು ಆ ಒಳಕಲ್ಲು ಹಿಂದೆಂದೂ ಕಂಡಿರಲಾರದು. ಅತ್ತಿ ನನ್ನ ಭುಜ ಮುಟ್ಟಿ, ಅಡುಗೆಮನೆಯ ಬಾಗಿಲು ದಾಟಿ, ಹಿತ್ತಲಿನಿಂದ ಹೊರಟುಹೋದಳು.

ಅವ್ವ ಅಂದು ಸಂಜೆಯವರೆಗೆ ನಡೆದಳು. ನಡುನಡುವೆ ಮಿಶನ್ ತುಳಿದಳು. ಮಾಳಿಗೆಯ ಕಾಯಿಗಳನ್ನು ನಾನು ಇಳಿಸಿದೆ, ಊಟಕ್ಕೂ ನಾನೇ ಬಡಿಸಿದೆ. ಊಟಕ್ಕೆ ಬಂದ ಅಪ್ಪ ತಾಟಿನ ಮುಂದೆ ಕುಳಿತು, ನಿಮ್ಮವ್ವ ಎಲ್ಲಿ ಎಂದು ಕೇಳಿದ. ಮೇಲೆ ಎಂದೆ. ಅವನು ತಲೆಯೆತ್ತಿ ಸ್ವಲ್ಪ ಹೊತ್ತು ಆ ಎಳೆಯುವ ಹೆಜ್ಜೆ ಕೇಳಿದ. ಹದಿಮೂರು ವರ್ಷ ಸಂಸಾರ ಮಾಡಿದವನಿಗೆ ತನ್ನ ಹೆಂಡತಿಯ ಬಲಗಾಲಿನ ತೂಕ ತಿಳಿಯದೆ ಇರಲಿಲ್ಲ. ಏನೂ ಹೇಳದೆ ಉಂಡು ಎದ್ದ. ಅಪ್ಪನ ಆ ಮೌನವೂ ಒಂದು ಸಹಾಯವೇ ಎಂದು ಆಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಅವನು ಉಪ್ಪು ಕೇಳಿದಾಗಲೂ ಅದೇ ಮುಖವಿತ್ತು.

ದೀಪ ಹಚ್ಚುವ ಹೊತ್ತಿಗೆ ದೊಡ್ಡಪ್ಪ ಪೇಟೆಯಿಂದ ಸೀರೆ ತರಿಸಿದ. “ಶಾರದಾ, ಕೆಳಗ ಬಾ. ಸೀರಿ ನೋಡು,” ಎಂದು ಕೂಗಿದ. ಎಳೆಯುವ ಹೆಜ್ಜೆ ಮೆಟ್ಟಿಲವರೆಗೆ ಬಂತು. ಕಲ್ಲಿನ ಮೆಟ್ಟಿಲಲ್ಲಿ ಅವ್ವ ತನ್ನ ಸ್ವಂತ ನಡಿಗೆಯಲ್ಲೇ ಇಳಿದು ಬಂದಳು. ದೊಡ್ಡಪ್ಪ ತೂಗುಮಂಚದ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿದ್ದನ್ನು ನಾನು ಅಂದೇ ಮೊದಲು ಕಂಡೆ.

“ನೀ ಯಾಕ ಬಂದಿ? ಶಾರದಾ ಎಲ್ಲಿ?”

“ಹೋದ್ಲುರಿ.”

“ಎಲ್ಲಿಗೆ?”

“ಹೇಳಂಗಿಲ್ರಿ.”

ದೊಡ್ಡಪ್ಪ ಅವ್ವನನ್ನು ಬಿಟ್ಟು, ಪಡಸಾಲೆಯಲ್ಲಿ ಕುಳಿತಿದ್ದ ಅಪ್ಪನ ಕಡೆ ನೋಡಿದ. ಅಪ್ಪ ಎದ್ದು ನಿಂತು ಹೇಳಿದ: “ಅಣ್ಣ ಕೇಳಾಕತ್ತಾನಲ್ಲ? ಹೇಳಿ ಮುಗಸು.”

“ಮ್ಯಾಗ ಇರುವಿ ಹರದ್ರೂ ಇವರಿಗೆ ಗೊತ್ತಾಗ್ತಿತ್ತಲ್ರಿ,” ಎಂದಳು ಅವ್ವ. “ಇದನ್ನೂ ಅವರ ಕೈಗೇ ಕೇಳ್ರಿ.”

ಅಪ್ಪ ಅವಳ ಕೆನ್ನೆಗೆ ಹೊಡೆದ. ತನ್ನ ತಂಗಿಗಾಗಿ ಒಮ್ಮೆಯೂ ಏಳದ ಕೈ ಅದು. ಅವ್ವ ಸೆರಗು ಸರಿಮಾಡಿಕೊಂಡಳು. ಮೇಲೆ ಹೋಗಿ ಬೀಳು, ಕೆಳಗೆ ಮುಖ ತೋರಿಸಬೇಡ ಎಂದು ದೊಡ್ಡಪ್ಪ ಒದರಿದ. ಒಲೆಯ ಮುಂದೆ ಹಿಟ್ಟು ನಾದಿದ್ದು ಹಾಗೇ ಇತ್ತು. ಅವ್ವ ಅದರತ್ತ ನೋಡದೆ ಮೆಟ್ಟಿಲು ಹತ್ತಿದಳು. ನಾನು ಅವಳ ಹಿಂದೆ ಹೋದೆ.

ಅವಳ ಎಡ ಹಿಮ್ಮಡಿಯಲ್ಲಿ ಹಲಗೆಯ ಸಿಬಿರು ಮುರಿದಿತ್ತು. ಚಿಮಣಿಯ ಬೆಳಕಿನಲ್ಲಿ, ಅತ್ತಿಯ ಹೊಲಿಗೆ ಸೂಜಿಯಿಂದ ನಾನು ಅದನ್ನು ಎಬ್ಬಿಸತೊಡಗಿದೆ. ಕೆನ್ನೆಯ ಮೇಲೆ ಅಪ್ಪನ ಬೆರಳು ಮೂಡಿದ್ದವು.

“ಅತ್ತೀ ನಡಿಗಿ ಒಂದ ಮಧ್ಯಾಹ್ನದಾಗ ಹೆಂಗ ಬಂತು ನಿನಗ?”

“ಒಂದ ಮಧ್ಯಾಹ್ನ?” ಅವ್ವ ನನ್ನ ಮುಖ ನೋಡಿದಳು. “ಆಕಿ ಬಂದ ವಾರದಿಂದ ಅಡ್ಡಾಡಾಕತ್ತೇನಿ. ರಾತ್ರಿಯೆಲ್ಲಾ ಕಾಲು ಸಿಡದು ನಿದ್ದಿ ಇರತಿದ್ದಿಲ್ಲ ಆಕಿಗೆ. ಹಗಲು ಮಲಗಿದ್ರ ನಿಮ್ಮ ದೊಡ್ಡಪ್ಪ ಸರಳು ಬಡೀತಿದ್ರು. ಅದಕ್ಕ, ನೀ ಮಲಗವಾ, ನಾ ಅಡ್ಡಾಡತೇನಿ ಅಂದೆ.”

ಅತ್ತಿಯ ಹೆಸರಿನಲ್ಲಿ ನಾನು ಗೀಟು ಹಾಕಿ ಎಣಿಸಿದ ಹೆಜ್ಜೆಗಳಲ್ಲಿ ಎಷ್ಟೋ ಅವ್ವನವು. ನಾನು ಅವಳ ಮಗಳು, ನನಗೂ ತಿಳಿದಿರಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಒಬ್ಬಳು ಹಗಲಲ್ಲಿ ತುಸು ಕಣ್ಣು ಮುಚ್ಚಬೇಕೆಂದರೆ ಇನ್ನೊಬ್ಬಳು ಅವಳ ಮುರಿದ ಕಾಲನ್ನು ಕಲಿಯಬೇಕಾದ ಮನೆಯಲ್ಲಿ ನಾನು ಹುಟ್ಟಿದ್ದೆ. ಆ ಸಿಟ್ಟು ಅಂದು ಮೈಗೆ ಹತ್ತಿದ್ದು ಇಳಿದಿಲ್ಲ. ಅತ್ತಿ ಹಾವೇರಿ ಮುಟ್ಟಿದಳು, ನೀಲವ್ವನ ಪಕ್ಕದ ಮಿಶನ್ನಿನಲ್ಲಿ ಹೊಲಿದು ಬದುಕಿದಳು, ಮೇಡ್ಲೇರಿಯವರ ಕೈಗೆ ಮತ್ತೆ ಸಿಗಲಿಲ್ಲ. ಆದರೂ ಇಳಿದಿಲ್ಲ.

ಕೆಳಗೆ ಕೊಕ್ಕೆ ಠಣ್ ಎಂದಿತು.

“ಮ್ಯಾಗ ಯಾರದು?”

ಅವ್ವ ಕೈಯೂರಿ ಏಳಲು ಹೋದಳು. ನಾನು ಅವಳ ಕಾಲು ಬಿಡಲಿಲ್ಲ.

“ನಾವಿಬ್ರದೀವಿ!” ಎಂದು ಹಲಗೆಗೆ ಬಾಯಿ ಹಚ್ಚಿ ಒದರಿದೆ. “ಏನ ಬೇಕಾಗಿತ್ತು?”

ಅವ್ವ ಮತ್ತೆ ಗೋಡೆಗೆ ಆತು ಕುಳಿತು ಕಾಲು ಚಾಚಿದಳು.

“ಚಿಮಣಿ ಇತ್ತ ತಾ,” ಎಂದಳು. “ಇನ್ನೂ ಒಳಗ ಐತಿ ಅದು.”